ಬೇಲಿ ಹಾರುವ ಕುದುರೆಗೆ ದುಡ್ಡು ಕಟ್ಟುವ ಮುಂಚೆ

ಚೆಲ್ಟನ್‌ಹ್ಯಾಮ್
ಜೂನ್ 2025

ಪೂಜ್ಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನೀವು ಮುಂದಿನ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಈ ಊರಿನ ಬೇಲಿ ಹಾರುವ ಕುದುರೆ ರೇಸಿನ ಫೆಸ್ಟಿವಲ್ ಹೊತ್ತಿಗೆ ಬರುವ ಯೋಚನೆಯಲ್ಲಿದ್ದೀರಿ ಅಂತ ಚಿಕ್ಕಮ್ಮ ಹೇಳಿದರು. ಖಂಡಿತ ಬನ್ನಿ. ಆದರೆ ಮೈಸೂರು, ಬೆಂಗಳೂರು ರೇಸಿನ ಲೆಕ್ಕಾಚಾರವನ್ನೇ ಇಲ್ಲಿಗೂ ತಂದರೆ ಮೊದಲ ದಿನವೇ ಜೇಬು ಖಾಲಿ. ನಮ್ಮಲ್ಲಿ 1200, 1400 ಮೀಟರ್ ಓಟ, ಬೆಳಗಿನ ಟ್ರ್ಯಾಕ್ ವರ್ಕ್ (ತಾಲೀಮು ಓಟ), ಕೊನೇ 600 ಮೀಟರ್ ಟೈಮಿಂಗ್. ಇಲ್ಲಿ ಅತಿ ಚಿಕ್ಕ ರೇಸೇ ಎರಡು ಮೈಲಿ ಸುಮಾರು. ಟ್ರ್ಯಾಕ್ ವರ್ಕ್ ಟೈಮ್ ಯಾರೂ ಪ್ರಕಟಿಸುವುದಿಲ್ಲ. ಟ್ರೈನರ್‌ಗಳು ತಮ್ಮ ತಮ್ಮ ಜಾಗದಲ್ಲಿ, ಗುಡ್ಡದ ಏರಿನಲ್ಲಿ ಕುದುರೆ ಓಡಿಸುತ್ತಾರೆ. ಆದ್ದರಿಂದ ಹಳೇ ರೇಸುಗಳ ದಾಖಲೆ ಓದುವುದೊಂದೇ ದಾರಿ.

ಮೊದಲು ಹರ್ಡಲ್ಸ್ ಬೇರೆ, ಚೇಸ್ ಬೇರೆ ಅನ್ನುವುದನ್ನು ತಲೆಯಲ್ಲಿಟ್ಟುಕೊಳ್ಳಿ. ಹರ್ಡಲ್ ಅಂದರೆ ಮೂರೂವರೆ ಅಡಿ ಎತ್ತರದ, ನೆಲಕ್ಕೆ ಹೊಡೆದು ನಿಲ್ಲಿಸಿದ ಹಗುರ ಚೌಕಟ್ಟು. ಕಾಲು ತಾಗಿದರೆ ಬಾಗುತ್ತದೆ, ಅಡ್ಡಾದಿಡ್ಡಿ ಹಾರುವ ಕುದುರೆಯೂ ಹೇಗೋ ಪಾರಾಗುತ್ತದೆ. ಚೇಸ್‌ನಲ್ಲಿ ಕನಿಷ್ಠ ನಾಲ್ಕೂವರೆ ಅಡಿಯ ಗಟ್ಟಿ ಬೇಲಿ, ಕೆಲವಕ್ಕೆ ಮುಂದೆ ಹಳ್ಳ. ಅಲ್ಲಿ ಲೆಕ್ಕ ತಪ್ಪಿದರೆ ಜಾಕಿ ನೆಲದ ಮೇಲೆ. ಅದಕ್ಕೇ ಒಂದೇ ಕುದುರೆಗೆ ಹರ್ಡಲ್ಸ್‌ಗೆ ಒಂದು ರೇಟಿಂಗ್ (ಸಾಮರ್ಥ್ಯದ ಅಂಕ), ಚೇಸ್‌ಗೆ ಇನ್ನೊಂದು. ಹರ್ಡಲ್ಸ್‌ನಲ್ಲಿ ಮೂರು ಸಲ ಗೆದ್ದಿದೆ ಅಂತ ಅದರ ಮೊದಲ ಚೇಸ್‌ನಲ್ಲಿ ಕಮ್ಮಿ ಆಡ್ಸ್‌ಗೆ (ಬಾಜಿಯ ದರಕ್ಕೆ) ದುಡ್ಡು ಸುರಿಯುವುದು ಬಾಜಿ ಕಟ್ಟುವ ಹೊಸ ಪಂಟರ್‌ಗಳು ಮಾಡುವ ಕೆಲಸ.

ಈಗ ಫಾರ್ಮ್, ಅಂದರೆ ಕುದುರೆಯ ಹಿಂದಿನ ಫಲಿತಾಂಶ, ಓದುವ ಬಗೆ. ರೇಸ್ ಕಾರ್ಡಿನಲ್ಲಿ ಹೆಸರಿನ ಪಕ್ಕ 2/31-1ಎಫ್‌ಪಿ3 ಅಂತ ಇದೆ ಅನ್ನಿ. ಬಲತುದಿಯ 3 ಎಲ್ಲಕ್ಕಿಂತ ಇತ್ತೀಚಿನದು. ಅಡ್ಡಗೆರೆ ಅಂದರೆ ಸೀಸನ್ ಬದಲಾಯಿತು, ಓರೆಗೆರೆ ಅಂದರೆ ನಡುವೆ ಒಂದು ಪೂರ್ತಿ ಸೀಸನ್ ಕುದುರೆ ಹೊರಗೇ ಇತ್ತು, ಹೆಚ್ಚಾಗಿ ಕಾಲಿನ ಸ್ನಾಯುರಜ್ಜಿನ (ಟೆಂಡನ್) ಗಾಯ. ಸೊನ್ನೆ ಬಿದ್ದರೆ ಹತ್ತನೆಯ ಸ್ಥಾನ ಅಥವಾ ಅದಕ್ಕೂ ಹಿಂದೆ. ಮಿಕ್ಕಿದ್ದು ಅಕ್ಷರಗಳು: ಎಫ್ ಅಂದರೆ ಕುದುರೆ ಬಿತ್ತು, ಯು ಅಂದರೆ ಕುದುರೆ ನಿಂತಿತು, ಜಾಕಿ ಬಿದ್ದ, ಬಿ ಅಂದರೆ ಮುಂದೆ ಬಿದ್ದ ಇನ್ನೊಂದು ಕುದುರೆಗೆ ತಗುಲಿ ಬಿತ್ತು, ಪಿ ಅಂದರೆ ಜಾಕಿಯೇ ನಿಲ್ಲಿಸಿದ, ಆರ್ ಅಂದರೆ ಹಾರಲು ಒಪ್ಪಲಿಲ್ಲ.

ಜನ ಅಂಕಿ ನೋಡುತ್ತಾರೆ, ಅಕ್ಷರ ನೋಡಿ ಹೆದರುತ್ತಾರೆ. ನನ್ನ ಪ್ರಕಾರ ಲಾಭ ಇರುವುದೇ ಅಕ್ಷರಗಳಲ್ಲಿ. ಬಿ ಇದ್ದರೆ ಆ ಕುದುರೆಯ ತಪ್ಪೇನೂ ಇಲ್ಲ, ಆದರೂ ಆಡ್ಸ್ ಏರಿರುತ್ತದೆ. ಎಫ್ ಇದ್ದರೆ ಎಲ್ಲಿ ಬಿತ್ತು ಅಂತ ರೇಸಿನ ವಿವರಣೆಯಲ್ಲಿ ಹುಡುಕಿ. ಕೊನೇ ಬೇಲಿಯಲ್ಲಿ, ಮುಂದಿದ್ದಾಗ ಬಿದ್ದಿದ್ದರೆ ಆ ಎಫ್‌ನ ಜಾಗದಲ್ಲಿ 1 ಬರೆದುಕೊಂಡು ಓದಿದರೂ ನಡೆಯುತ್ತದೆ. ಮೊದಲರ್ಧದಲ್ಲೇ ಎರಡು ಬೇಲಿ ಒದ್ದು ಮೂರನೆಯದರಲ್ಲಿ ಬಿದ್ದಿದ್ದರೆ ಅದು ಅಭ್ಯಾಸದ ದೋಷ. ಪಿ ಎಲ್ಲಕ್ಕಿಂತ ಮೋಸದ್ದು. ಮೂಗಿನಲ್ಲಿ ರಕ್ತ ಬಂದು ನಿಲ್ಲಿಸಿದ್ದಿರಬಹುದು, ಕೆಸರು ಆಗದೆ ನಿಲ್ಲಿಸಿದ್ದಿರಬಹುದು, ಇನ್ನು ಗೆಲ್ಲುವಂತಿಲ್ಲ ಅಂತ ಕುದುರೆ ಉಳಿಸಿಕೊಳ್ಳಲು ನಿಲ್ಲಿಸಿದ್ದೂ ಇರಬಹುದು. ಕಾರಣ ಹೇಳಿದ್ದರೆ ಸ್ಟೂವರ್ಡ್‌ಗಳ (ರೇಸಿನ ಅಧಿಕಾರಿಗಳ) ವರದಿಯಲ್ಲಿ ಬಂದಿರುತ್ತದೆ. ಅದನ್ನು ಓದದೆ ಪಿ ಇರುವ ಕುದುರೆಯನ್ನು ಹಿಡಿಯಲೂ ಬೇಡಿ, ಬಿಡಲೂ ಬೇಡಿ.

ನೆಲದ ವಿಷಯ. ಬೆಂಗಳೂರಲ್ಲಿ ನೆಲದ ಗಟ್ಟಿತನ ಅಳೆಯುವ ಪೆನೆಟ್ರೋಮೀಟರ್ ರೀಡಿಂಗ್ ಹಾಕುವ ಹಾಗೆ ಇಲ್ಲಿ ಗೋಯಿಂಗ್‌ಸ್ಟಿಕ್ ಅಂಕಿ ಹಾಕುತ್ತಾರೆ. ಹುಷಾರು, ಎರಡೂ ಉಲ್ಟಾ. ಪೆನೆಟ್ರೋಮೀಟರ್ ಅಂಕಿ ಏರಿದಷ್ಟು ನೆಲ ಮೆತ್ತಗೆ, ಗೋಯಿಂಗ್‌ಸ್ಟಿಕ್ ಅಂಕಿ ಇಳಿದಷ್ಟು ಮೆತ್ತಗೆ. ಮಾತಿನಲ್ಲಿ ಹೇಳುವುದಾದರೆ ಹೆವಿ, ಸಾಫ್ಟ್, ಗುಡ್ ಟು ಸಾಫ್ಟ್, ಗುಡ್, ಹೀಗೆ ಮೇಲಕ್ಕೆ. ಹೆವಿ ಅಂದರೆ ಮಳೆ ಬಿದ್ದ ಮೇಲೆ ಉತ್ತ ಗದ್ದೆ ಹೇಗೋ ಹಾಗೆ, ಗೊರಸು ಹೂತು ಮೇಲೇಳುವುದೇ ಕಷ್ಟ. ಅಂಥ ನೆಲದಲ್ಲಿ 20 ಲೆಂಗ್ತ್‌ನಿಂದ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಗೆದ್ದ ಕುದುರೆ ನೋಡಿ ಮರುಳಾಗಬೇಡಿ. ಹಿಂದಿನವು ಸುಸ್ತಾಗಿ ನಡೆಯುತ್ತಾ ಬಂದಿರುತ್ತವೆ, ಅಂತರ ಹಾಗೇ ಹಿಗ್ಗಿಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಕೆಸರಿನಲ್ಲಿ ಗೆದ್ದವು ಮಾರ್ಚ್‌ನ ಒಣಗಿದ ನೆಲದಲ್ಲಿ ಹಿಂದೆ ಬೀಳುವುದು ಇಲ್ಲಿ ಪ್ರತಿ ವರ್ಷದ ಕಥೆ.

ತಿರುವಿನ ದಿಕ್ಕನ್ನೂ ನೋಡಿ. ಚೆಲ್ಟನ್‌ಹ್ಯಾಮ್, ಏಂಟ್ರೀ ಎಡಕ್ಕೆ ತಿರುಗುವ ಟ್ರ್ಯಾಕ್‌ಗಳು. ಕೆಂಪ್ಟನ್, ಸ್ಯಾಂಡೌನ್, ಆಸ್ಕಟ್ ಬಲಕ್ಕೆ. ವಿವರಣೆಯಲ್ಲಿ ‘ಎಡಕ್ಕೆ ವಾಲಿ ಹಾರಿತು’ ಅಂತ ಬರೆದಿದ್ದರೆ, ಬಲ ತಿರುವಿನ ಟ್ರ್ಯಾಕ್‌ನಲ್ಲಿ ಅದು ಪ್ರತಿ ಬೇಲಿಗೂ ಒಂದೆರಡು ಲೆಂಗ್ತ್ ಕಳೆದುಕೊಳ್ಳುತ್ತದೆ. ಬಾಕ್ಸಿಂಗ್ ಡೇ (ಡಿಸೆಂಬರ್ 26) ದಿನ ಕೆಂಪ್ಟನ್‌ನಲ್ಲಿ ನಡೆಯುವ ಮೂರು ಮೈಲಿಯ ಕಿಂಗ್ ಜಾರ್ಜ್ ಚೇಸ್ ಸಮತಟ್ಟು, ವೇಗದ ಓಟ. ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಮೂರೂಕಾಲು ಮೈಲಿ ಚಿಲ್ಲರೆ, 22 ಬೇಲಿ, ಇಳಿದು ಹತ್ತಿ ಕೊನೆಗೆ ಉಸಿರು ಕಟ್ಟಿಸುವ ಏರು. ಅಲ್ಲಿ ಗೆದ್ದದ್ದು ಇಲ್ಲೂ ಗೆಲ್ಲುತ್ತದೆ ಅನ್ನುವ ಹಾಗಿಲ್ಲ.

ಕುದುರೆ ಹೊರುವ ಭಾರ ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ 60 ಕಿಲೋ ಅಂದರೆ ಜಾಸ್ತಿ. ಏಂಟ್ರೀಯ ದೊಡ್ಡ ಚೇಸ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಟಾಪ್ ವೆಯ್ಟ್ 11 ಸ್ಟೋನ್ 12 ಪೌಂಡ್, ಅಂದರೆ 75 ಕಿಲೋ ದಾಟುತ್ತದೆ. ರೇಟಿಂಗ್‌ನ ಒಂದು ಅಂಕಕ್ಕೆ ಒಂದು ಪೌಂಡ್. ಎರಡು ಮೈಲಿಯಲ್ಲಿ ಒಂದು ಪೌಂಡ್ ಸುಮಾರು ಒಂದು ಲೆಂಗ್ತ್‌ಗೆ ಸಮ ಅಂತ ಇಟ್ಟುಕೊಳ್ಳಿ. ದೂರ ಹೆಚ್ಚಿದ ಹಾಗೆ ಅಷ್ಟೇ ಭಾರಕ್ಕೆ ಕುದುರೆ ಇನ್ನೂ ಹೆಚ್ಚು ಹಿಂದೆ ಉಳಿಯುತ್ತದೆ. ಕಲಿಯುವ ಜಾಕಿಗಳಿಗೆ 3, 5, 7 ಪೌಂಡ್ ರಿಯಾಯಿತಿ ಇದೆ. ಏಳು ಪೌಂಡ್ ರಿಯಾಯಿತಿಯ ಒಳ್ಳೇ ಹುಡುಗ ಸಿಕ್ಕಿದರೆ ಅದು ಕೈಗೆ ಬಂದ ಪುಕ್ಕಟೆ ಲಾಭ, ಆದರೆ ದೊಡ್ಡ ಬೆಲೆಯ ರೇಸುಗಳಲ್ಲಿ ಈ ರಿಯಾಯಿತಿ ಇಲ್ಲ.

ಏಪ್ರಿಲ್‌ನ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 33/1ರ (ಒಂದು ಕಟ್ಟಿದರೆ 33 ಲಾಭ) ನಿಕ್ ರಾಕೆಟ್ ಹೇಗೆ ಗೆದ್ದಿತು ಅಂತ ಕೇಳಿದ್ದಿರಿ. ನಾಲ್ಕೂಕಾಲು ಮೈಲಿಗೂ ಹೆಚ್ಚು ದೂರ, 30 ಬೇಲಿ, 34 ಕುದುರೆ (2024ರಿಂದ 40ನ್ನು 34ಕ್ಕೆ ಇಳಿಸಿದ್ದಾರೆ). ಇಂಥ ರೇಸಿನಲ್ಲಿ ದೊಡ್ಡ ಆಡ್ಸ್‌ನ ಕುದುರೆ ಗೆಲ್ಲುವುದು ಪವಾಡ ಅಲ್ಲ. ಗಮನಿಸಬೇಕಾದ್ದು ಬೇರೆ: ಮೊದಲ ಮೂರೂ ಸ್ಥಾನ ಐರ್ಲೆಂಡಿನ ವಿಲ್ಲಿ ಮಲ್ಲಿನ್ಸ್ ಲಾಯದ ಕುದುರೆಗಳಿಗೇ. ಗೆದ್ದದ್ದರ ಮೇಲೆ ಕೂತವರು ಅವರ ಮಗ ಪ್ಯಾಟ್ರಿಕ್, ಅಮೆಚೂರ್ (ಹವ್ಯಾಸಿ) ಜಾಕಿ. ಒಂದೇ ಲಾಯದಿಂದ ಆರೇಳು ಕುದುರೆ ಓಡುವಾಗ ಜನ ಮೊದಲ ಹೆಸರಿನ ಹಿಂದೆ ಬೀಳುತ್ತಾರೆ. ಮೂರನೆಯ, ನಾಲ್ಕನೆಯ ಹೆಸರಿನ ಆಡ್ಸ್ ಅನಗತ್ಯವಾಗಿ ಏರುತ್ತದೆ. ಅಲ್ಲೇ ಹುಡುಕಬೇಕು.

ಆಡ್ಸ್‌ಗೆ ಬರೋಣ. 1/2 ಫೇವರಿಟ್ ಅಂದರೆ ಎರಡು ಕಟ್ಟಿದರೆ ಒಂದೇ ಲಾಭ, ಮೂರರಲ್ಲಿ ಎರಡು ಸಲ ಗೆದ್ದರೆ ಮಾತ್ರ ಅಸಲು. ಬೇಲಿ ಇರುವ ರೇಸಿನಲ್ಲಿ ಅಷ್ಟು ಕಮ್ಮಿಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಈ ಮಾರ್ಚ್‌ನ ಫೆಸ್ಟಿವಲ್‌ನಲ್ಲಿ ಓಡಿದ ಚಾಂಪಿಯನ್ ಹರ್ಡಲ್ ರೇಸ್ ನೋಡಿ: ಕಾನ್ಸ್ಟಿಟ್ಯೂಷನ್ ಹಿಲ್ ನಡುದಾರಿಯಲ್ಲೇ ಬಿತ್ತು, ಮುಂದೆ ಹೋಗುತ್ತಿದ್ದ ಸ್ಟೇಟ್ ಮ್ಯಾನ್ ಕೊನೇ ಹರ್ಡಲ್‌ನಲ್ಲಿ ಬಿತ್ತು, 25/1ರ ಗೋಲ್ಡನ್ ಏಸ್ ಗೆದ್ದಿತು. ಮುಂದಿನ ತಿಂಗಳು ಏಂಟ್ರೀಯಲ್ಲೂ ಕಾನ್ಸ್ಟಿಟ್ಯೂಷನ್ ಹಿಲ್ ಬಿತ್ತು. ವೇಗದಲ್ಲಿ ಅದಕ್ಕೆ ಸಾಟಿ ಕಡಿಮೆ, ನಿಜ. ಹರ್ಡಲ್‌ಗೆ ತೀರಾ ತಗ್ಗಾಗಿ ನುಗ್ಗುವ ಕುದುರೆಗೆ ಆ ವೇಗವೇ ಶತ್ರು. ಅದರ ಮೇಲೆ ಮತ್ತೆ ಕಟ್ಟುವ ಮನಸ್ಸಾದರೆ ಮೊದಲು ಅದು ಒಂದು ರೇಸನ್ನು ನೆಟ್ಟಗೆ ಹಾರಿ ತೋರಿಸಲಿ.

ಈಚ್ ವೇ ಅಂತ ಒಂದಿದೆ, ನಮ್ಮ ವಿನ್ (ಗೆಲುವು), ಪ್ಲೇಸ್ (ಮೊದಲ ಕೆಲವು ಸ್ಥಾನ) ಎರಡನ್ನೂ ಒಟ್ಟಿಗೆ ಕಟ್ಟಿದ ಹಾಗೆ. ಹತ್ತು ಪೌಂಡ್ ಈಚ್ ವೇ ಅಂದರೆ ಇಪ್ಪತ್ತು ಕೈಬಿಡುತ್ತದೆ. 16 ಅಥವಾ ಹೆಚ್ಚು ಕುದುರೆ ಓಡುವ ಹ್ಯಾಂಡಿಕ್ಯಾಪ್‌ನಲ್ಲಿ (ರೇಟಿಂಗ್ ಪ್ರಕಾರ ಭಾರ ಹೊರಿಸುವ ರೇಸಿನಲ್ಲಿ) ನಾಲ್ಕು ಸ್ಥಾನಕ್ಕೆ, ಆಡ್ಸ್‌ನ ಕಾಲುಭಾಗ. 20/1 ಕುದುರೆ ಮೂರನೆಯದಾದರೆ ಪ್ಲೇಸ್ ಭಾಗಕ್ಕೆ 5/1, ವಾಪಸ್ 60, ನಿವ್ವಳ ಲಾಭ 40. ಅದೇ ಎಂಟು ಕುದುರೆಯ ರೇಸಿನಲ್ಲಿ 4/1 ಕುದುರೆಗೆ ಈಚ್ ವೇ ಕಟ್ಟಿ ಅದು ಮೂರನೆಯದಾದರೆ ಐದನೇ ಒಂದು ಭಾಗದ ಲೆಕ್ಕದಲ್ಲಿ ವಾಪಸ್ 18. ಸ್ಥಾನ ಸಿಕ್ಕಿಯೂ ಎರಡು ಪೌಂಡ್ ನಷ್ಟ! ಜೊತೆಗೆ, ಎಂಟರಲ್ಲಿ ಒಂದು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರೆ ಎರಡೇ ಸ್ಥಾನಕ್ಕೆ ದುಡ್ಡು.

ಊರಿಂದಲೇ ಈಗಲೇ ಕಟ್ಟಿಸು ಅಂತ ಹೇಳಬೇಡಿ. ತಿಂಗಳುಗಳ ಮೊದಲೇ ಕಟ್ಟುವ ಆಂಟಿ ಪೋಸ್ಟ್ ಬಾಜಿಯಲ್ಲಿ ಕುದುರೆ ಓಡದಿದ್ದರೆ ದುಡ್ಡು ಹೋಯಿತು. ಈ ವರ್ಷ ಗೋಲ್ಡ್ ಕಪ್‌ನಲ್ಲಿ ಗ್ಯಾಲೋಪಿನ್ ಡಿ ಶಾಂಪ್ ಅನ್ನು ಸೋಲಿಸಿದ ಐನೋದವೇಯುರ್‌ಥಿಂಕಿನ್‌ಗೆ ಗ್ರ್ಯಾಂಡ್ ನ್ಯಾಷನಲ್ ಭಾರ ಫೆಬ್ರವರಿಯಲ್ಲೇ ನಿಗದಿಯಾಗಿತ್ತು. ಗೆದ್ದ ಮೇಲೂ ಹಳೇ ಭಾರವೇ, ಹಾಗಾಗಿ ಎಲ್ಲರೂ ಮುಗಿಬಿದ್ದು ಅದು ಫೇವರಿಟ್ ಆಯಿತು. ಆಮೇಲೆ ಕುದುರೆಯನ್ನು ರೇಸಿನಿಂದಲೇ ತೆಗೆದರು. ‘ಓಡದಿದ್ದರೆ ಹಣ ವಾಪಸ್’ ಅನ್ನುವ ಷರತ್ತು ಇದ್ದರೆ ಮಾತ್ರ ಮುಂಚೆ ಕಟ್ಟಬಹುದು.

ಪ್ಯಾಡಕ್‌ನಲ್ಲಿ (ರೇಸಿಗೆ ಮುಂಚೆ ಕುದುರೆ ನಡೆಸುವ ಅಂಗಳದಲ್ಲಿ) ನಿಮ್ಮ ಕಣ್ಣಿಗೆ ನಾನು ಹೇಳಿಕೊಡುವುದೇನೂ ಇಲ್ಲ. ಒಂದೇ ಸೂಚನೆ: 2018ರಿಂದ ಕುದುರೆಗೆ ಉಸಿರಾಟದ ಆಪರೇಷನ್ ಆಗಿದ್ದರೆ ಕಾರ್ಡಿನಲ್ಲಿ ಗುರುತು ಹಾಕುತ್ತಾರೆ. ಹಿಂದೆ ಕೊನೇ ಏರಿನಲ್ಲಿ ದಿಢೀರನೆ ಸೋತುಹೋಗುತ್ತಿದ್ದ ಕುದುರೆಗೆ ಈ ಗುರುತು, ಜೊತೆಗೆ ನಾಲಗೆಗೆ ಪಟ್ಟಿ ಕಂಡರೆ ಇನ್ನೊಮ್ಮೆ ನೋಡಿ.

ಗೆದ್ದ ಹಣದ ಮೇಲೆ ಆಡುವವನಿಗೆ ಇಲ್ಲಿ ತೆರಿಗೆ ಇಲ್ಲ, ಊರಲ್ಲಿ ಜಿಎಸ್‌ಟಿ ಕಟ್ಟಿ ಬೇಸತ್ತ ನಿಮಗೆ ಇದೊಂದು ಖುಷಿ. ಬೇರೊಂದು ಕುದುರೆ ಹಿಂದೆ ಸರಿದರೆ ಮಾತ್ರ ‘ರೂಲ್ ಫೋರ್’ ಅಂತ ಗೆಲುವಿನಲ್ಲಿ ಒಂದಷ್ಟು ಮುರಿದುಕೊಳ್ಳುತ್ತಾರೆ, ಸರಿದದ್ದು ಬಲವಾದ ಫೇವರಿಟ್ ಆದರೆ ಪೌಂಡಿಗೆ 90 ಪೆನ್ಸ್‌ವರೆಗೂ. ಮೈದಾನದ ಬುಕ್ಕಿಗಳ ಈಚ್ ವೇ ಷರತ್ತು ಒಬ್ಬೊಬ್ಬರದು ಒಂದೊಂದು, ಅವರ ಬೋರ್ಡಿನ ಮೇಲೆ ಬರೆದಿರುತ್ತದೆ. ಓದಿಯೇ ದುಡ್ಡು ಕೊಡಿ, ಚೀಟಿಯಲ್ಲಿ ಕುದುರೆಯ ನಂಬರ್ ಸರಿ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ.

ಫೆಸ್ಟಿವಲ್ ಮಂಗಳವಾರದಿಂದ ಶುಕ್ರವಾರದವರೆಗೆ, ನಾಲ್ಕು ದಿನ. ಗೋಲ್ಡ್ ಕಪ್ ಶುಕ್ರವಾರ. ಟಿಕೆಟ್ ಮುಂಚೆಯೇ ತೆಗೆಯಬೇಕು, ಯಾವ ದಿನ ಅಂತ ದಸರಾ ಒಳಗೆ ತಿಳಿಸಿ. ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇತಿ ನಿಮ್ಮ,
ರಘು