ಬರೀ ಆರು ಅಂಕಿ ಕೊಟ್ರೆ ಯಾರಿಗೆ ಫೋನ್ ಮಾಡುದು?

ಮಾನ್ಯ ಸಂಪಾದಕರೇ,

ಮೊನ್ನೆ ಗಾಳಿಮಳೆಗೆ ಬಂಟ್ವಾಳದ ಬಿ.ಸಿ. ರೋಡ್ ಹತ್ರದ ನಮ್ಮ ಮನೆ ಎದುರು ಹಲಸಿನ ಗೆಲ್ಲು ಕರೆಂಟಿನ ತಂತಿ ಮೇಲೆ ಬಿತ್ತು. ರಾತ್ರಿ ಎಂಟೂವರೆ. ಹಳೇ ಬಿಲ್ಲಲ್ಲಿ ಆಫೀಸಿನ ನಂಬರ್ ಉಂಟು, ಆದ್ರೆ ಬರೀ ಆರು ಅಂಕಿ, ಊರಿನ ಎಸ್‌ಟಿಡಿ ಕೋಡ್ ಇಲ್ಲ. ಮೊಬೈಲಿಂದ ಹಾಗೇ ಒತ್ತಿದ್ರೆ ನಂಬರ್ ಸರಿಯಿಲ್ಲ ಅಂತ ರೆಕಾರ್ಡಿಂಗ್. ಮಂಗಳೂರಲ್ಲಿ ಓದುವ ಮಗ 0824 ಹಾಕಿ ನೋಡಿದ, ಹೋಗ್ಲಿಲ್ಲ, ಹೋಗುದಾದ್ರೂ ಹೇಗೆ, ಮಂಗಳೂರಿನ ನಂಬರಂದ್ರೆ ಏಳು ಅಂಕಿ ಬೇಕಲ್ಲ. ಮೂಡುಬಿದಿರೆಯಿಂದ ಬಂದಿದ್ದ ಅಕ್ಕ "ನಮ್ದು 08258, ಅದನ್ನೊಮ್ಮೆ ಹಾಕಿ ನೋಡು" ಅಂದ್ಲು. ರಿಂಗ್ ಆಯ್ತು! ಎತ್ತಿದ್ದು ಯಾರೋ ಅಜ್ಜ, "ಇದು ಕಾರ್ಕಳ ಮಾರಾಯ್ರೆ, ನಮ್ಮಲ್ಲೂ ಕರೆಂಟಿಲ್ಲ" ಅಂತ ಹೇಳಿ ಇಟ್ರು.

ನಮ್ಮ ಬಂಟ್ವಾಳದ ಕೋಡ್ 08255 ಅಂತ ನೆನಪಾಗುವಾಗ ಮೊಬೈಲಿನ ಚಾರ್ಜ್ ಖಾಲಿ.

ಈ ಕೋಡುಗಳ ಗಡಿಯೇ ಒಂದು ವಿಚಿತ್ರ. ಸುರತ್ಕಲ್, ಮೂಲ್ಕಿ, ಉಳ್ಳಾಲ ಎಲ್ಲ ಮಂಗಳೂರಿನ ಜೊತೆ 0824ರಲ್ಲಿ, ನಾವು ದಿನಾ ಮಂಗಳೂರಿಗೇ ಕೆಲಸಕ್ಕೆ ಹೋಗಿಬರುವವರು ಮಾತ್ರ ಬೇರೆ. ತಲಪಾಡಿ ದಾಟಿದ್ರೆ ಮಂಜೇಶ್ವರ 04998. ಉಡುಪಿ ಮಣಿಪಾಲಕ್ಕೆ 0820. ಇನ್ನು 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆಗಿ ಕಾರ್ಕಳ ಆಚೆ, ಮೂಡುಬಿದಿರೆ ಈಚೆ ಆದ್ರೂ ಫೋನಿನಲ್ಲಿ ಇಬ್ಬರದ್ದೂ ಈಗಲೂ ಒಂದೇ ಮನೆ, ಅದೇ 08258. ಲೆಕ್ಕ ಸುಲಭ, ಸೊನ್ನೆ ಬಿಟ್ಟು ಕೋಡ್ ಮತ್ತು ನಂಬರ್ ಸೇರಿ ಹತ್ತು ಅಂಕಿ ಆಗ್ಬೇಕು, ಕೋಡ್ ಉದ್ದ ಇದ್ದಲ್ಲಿ ನಂಬರ್ ಗಿಡ್ಡ. ಹಾಗಾಗಿ ಒಂದೇ ಆರು ಅಂಕಿ ಬಂಟ್ವಾಳದಲ್ಲೂ ಇರ್ಬಹುದು, ಕಾರ್ಕಳದಲ್ಲೂ ಇರ್ಬಹುದು.

ಮೊದಲು ಮನೆಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದಾಗ ಊರೊಳಗೆ ಕೋಡ್ ಬೇಕಿರ್ಲಿಲ್ಲ, ಕೋಡ್ ಅಂದ್ರೆ ಎಸ್‌ಟಿಡಿ ಬೂತಿನ ಗ್ಲಾಸಿನ ಬಾಗಿಲು ಎಳ್ಕೊಂಡು, ಮೀಟರಿನ ಕೆಂಪು ಅಂಕಿ ನೋಡ್ತಾ ಬೊಂಬಾಯಿಯ ಅಣ್ಣನ ಹತ್ರ ಗಡಿಬಿಡಿಯಲ್ಲಿ ಮಾತಾಡುವ ವಿಷಯ. ಈಗ ಎಲ್ಲರ ಕೈಯಲ್ಲಿ ಮೊಬೈಲು, ಮೊಬೈಲಿಗೆ ಪಕ್ಕದ ಕಟ್ಟಡದ ಲ್ಯಾಂಡ್‌ಲೈನೂ ಕೋಡ್ ಹಾಕದೆ ಸಿಗುದಿಲ್ಲ. ಆದ್ರೆ ಬೋರ್ಡು, ಬಿಲ್ಲು, ರಶೀದಿ ಬರೆಯುವವರು ಇನ್ನೂ ಆ ಕಾಲದಲ್ಲೇ ಇದ್ದಾರೆ. 2025ರ ಫೆಬ್ರವರಿಯಲ್ಲಿ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನವರು ಲ್ಯಾಂಡ್‌ಲೈನಿಂದ ಲ್ಯಾಂಡ್‌ಲೈನಿಗೆ ಮಾಡುವಾಗಲೂ, ಊರೊಳಗೇ ಆದ್ರೂ, ಸೊನ್ನೆ ಮತ್ತು ಕೋಡ್ ಸೇರಿಸಿಯೇ ಡಯಲ್ ಮಾಡುವ ಹಾಗೆ ಆಗ್ಬೇಕು ಅಂತ ಶಿಫಾರಸು ಮಾಡಿದ್ದಾರೆ, ಇದ್ದ ನಂಬರ್ ಬದಲಾಗುದಿಲ್ಲ ಅಂತೆ. ಅದು ಜಾರಿ ಆದ್ರೆ ಈ ಆರಂಕಿ ಬೋರ್ಡುಗಳು ಯಾರಿಗೂ ಉಪಯೋಗ ಇಲ್ಲ.

ಸಂಬಂಧಪಟ್ಟವರು ಹೊಸ ಬೋರ್ಡ್ ಮಾಡಿಸುದು ಬೇಡ, ಇದ್ದದ್ದರ ಮೇಲೆ ಪೈಂಟಲ್ಲಿ ಐದಂಕಿ ಬರೆಸಿದ್ರೆ ಸಾಕು. ನಿಮ್ಮ ಪೇಪರಿನ "ಇಂದಿನ ಕಾರ್ಯಕ್ರಮ" ಕಾಲಂನಲ್ಲೂ ಕೋಡ್ ಇಲ್ಲದ ನಂಬರ್ ಬರ್ತದೆ ಸ್ವಾಮಿ, ಬೇಜಾರು ಮಾಡ್ಬೇಡಿ, ಅದನ್ನೂ ಸ್ವಲ್ಪ ನೋಡಿ.

ಮರುದಿನ ಬೆಳಿಗ್ಗೆ ಮಗ ಸ್ಕೂಟರಲ್ಲಿ ಹೋಗಿ ಲೈನ್‌ಮ್ಯಾನನ್ನು ಕರ್ಕೊಂಡು ಬಂದ. ಆ ಬಿಲ್ಲಿನ ಮೇಲೆ ನಾನೇ ಪೆನ್ನಲ್ಲಿ 08255 ಬರ್ದು ಫ್ರಿಜ್ಜಿಗೆ ಅಂಟಿಸಿದ್ದೇನೆ.

– ಓರ್ವ ಓದುಗ, ಬಿ.ಸಿ. ರೋಡ್