ಹಳೇ ಪೇಪರ್ ಕಟ್ಟಿನ ಪಕ್ಕ ಕೂತಿದ್ದ ಯಜಮಾನರಿಗೆ

ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿ ಬಾಕ್ಸರ್ ಆಗಿದ್ದವರು. ತಮ್ಮ ನೆನಪಿನ ಬರಹದಲ್ಲಿ ಹೇಳಿಕೊಂಡ ಐದು ಪಂದ್ಯಗಳ ದಾಖಲೆ ಎಲ್ಲೂ ಸಿಗಲಿಲ್ಲ. ಬಾಕ್ಸಿಂಗ್ ದಾಖಲೆಗಳ ವೆಬ್‌ಸೈಟ್ ಬಾಕ್ಸ್‌ರೆಕ್‌ನಲ್ಲಿರುವುದು ಹೆಚ್ಚಾಗಿ ವೃತ್ತಿಪರರ ಲೆಕ್ಕ. ಮೂರು ರೌಂಡಿನ ಅಮೆಚೂರ್ ಪಂದ್ಯ ಅಲ್ಲಿ ಯಾಕಿರುತ್ತದೆ, ಅಲ್ವಾ?

ಹಾಸನದ ಲೈಬ್ರರಿಯಲ್ಲಿ ಸುಮ್ನೆ ಹಾಳೆ ತಿರುವುತ್ತಿದ್ದೆ. ಏನು ಹುಡುಕುತ್ತಿದ್ದೀಯ ಅಂತ ನೀವೇ ಕೇಳಿ, ಹೇಳಿದಿರಿ: "ಪಂದ್ಯದ ದಿನ ಬಿಡಪ್ಪ, ಎರಡು ಮೂರು ದಿನ ಮುಂದಿನ ಪೇಪರ್ ನೋಡು. ಹೆಸರಿನ ಸ್ಪೆಲ್ಲಿಂಗ್ ನಂಬಬೇಡ, ರೆಜಿಮೆಂಟ್ ಹುಡುಕು."

ಸಿಕ್ಕಿತು, ನಾಲ್ಕೇ ಸಾಲು! ಆಮೇಲೆ ಇನ್ನೊಂದು. ಅದರಲ್ಲಿ ಮಾತ್ರ ದೊಡ್ಡಪ್ಪ ಗೆದ್ದಿರಲಿಲ್ಲ, ಪಾಯಿಂಟ್ಸ್ ಮೇಲೆ ಸೋತಿದ್ದರು. ನೀವು ಮೀಸೆಯಲ್ಲೇ ನಕ್ಕಿರಿ. ಉಳಿದ ಮೂರಕ್ಕೆ, ನೀವು ಹೇಳಿದ ಹಾಗೆ, 'ಅವರ ಮಾತು' ಅಂತ ಗುರುತು ಹಾಕಿದ್ದೇನೆ.

ಹೆಸರು ಕೇಳುವಷ್ಟರಲ್ಲಿ ಕೊಡೆ ಹಿಡಿದು ಹೊರಟೇಬಿಟ್ಟಿರಿ. ತುಂಬಾ ಥ್ಯಾಂಕ್ಸ್ ಸಾರ್.