ಚೀತಾಗೆ ಬದಲಿ ಯಾವಾಗ?

ಮಾನ್ಯ ಸಂಪಾದಕರೇ,

ಸೇನೆಯ ಹಳೇ ಚೀತಾ, ಚೇತಕ್ ಹೆಲಿಕಾಪ್ಟರ್‌ಗಳಿಗೆ ಇನ್ನೂ ಬದಲಿ ಬಂದಿಲ್ಲ ಎಂಬ ನಿನ್ನೆಯ ವರದಿ ಓದಿ ಹೊಟ್ಟೆ ಉರಿಯಿತು. ಮೊನ್ನೆ ಭಾನುವಾರವಷ್ಟೇ ನಮ್ಮ ಮಗಳ ನಿಶ್ಚಿತಾರ್ಥ ಅವಳ ಅಣ್ಣ ಇಲ್ಲದೆ ನಡೆಯಿತು. ಮಗ ಹಿಮದ ಮೇಲಿನ ಪೋಸ್ಟ್‌ನಲ್ಲಿದ್ದಾನೆ. ರಜೆ ಮಂಜೂರಾಗಿತ್ತು. ಮೂರು ದಿನ ಮೋಡ, ಅದಕ್ಕೆ ಯಾರನ್ನೂ ದೂರುವುದಿಲ್ಲ. ನಾಲ್ಕನೇ ದಿನ ಬಿಸಿಲು ಬಂತು, ಹೆಲಿಕಾಪ್ಟರ್ ಬರಲಿಲ್ಲ. ರಿಪೇರಿಗೆ ನಿಂತಿತ್ತಂತೆ. "ಅಪ್ಪಾ, ಬ್ಯಾಗ್ ತೂಕ ಹಾಕಿಸಿ ಕೂತಿದ್ದೆ, ಇವತ್ತೂ ಆಗಲಿಲ್ಲ" ಎಂದ. ಅಷ್ಟರಲ್ಲಿ ಫೋನ್ ಕಟ್ಟಾಯಿತು.

ದೆಹಲಿಯಿಂದ ರೈಲು ಟಿಕೆಟ್ ಎರಡು ಸಲ ರದ್ದು ಮಾಡಿಸಿದೆ. ತತ್ಕಾಲ್ ಸಿಗಲಿಲ್ಲ. ಬೀಗರಿಗೆ ಉತ್ತರ ಹೇಳಿ ಸಾಕಾಯಿತು. ಅವನಿಗೆಂದು ತಂದ ಅಂಗಿಯ ಪಿನ್ನು ಕೂಡ ಬಿಚ್ಚದೆ ನನ್ನ ಹೆಂಡತಿ ಬೀರುವಿನಲ್ಲಿಟ್ಟಿದ್ದಾಳೆ.

ಚೀತಾ ತಯಾರಿಸಲು ಫ್ರಾನ್ಸ್ ಜೊತೆ ಒಪ್ಪಂದ ಆಗಿದ್ದು 1970ರಲ್ಲಿ. ಚೇತಕ್‌ದು ಇನ್ನೂ ಹಳೆಯದು, 1962ರದ್ದು. 1984ರಿಂದ ಸಿಯಾಚಿನ್‌ನಲ್ಲಿ ಜವಾನರ ಪ್ರಾಣ ಉಳಿಸಿದ್ದು ಇದೇ ಒಂಟಿ ಎಂಜಿನ್‌ನ ಚೀತಾ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಎಷ್ಟು ವರ್ಷ ದುಡಿಸುವುದು? ಹೊಸ ಎಂಜಿನ್ ಕೂರಿಸಿ ಚೀತಾಲ್ ಅಂತ ಮಾಡಿದರು, ಎಲ್ಲದಕ್ಕೂ ಕೂರಿಸಲಿಲ್ಲ. 197 ಹೆಲಿಕಾಪ್ಟರ್ ಕೊಳ್ಳುವ ಟೆಂಡರ್ 2007ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ ರದ್ದಾಯಿತು. 2015ರಲ್ಲಿ ರಷ್ಯಾದ ಕಮೋವ್ ಹೆಲಿಕಾಪ್ಟರ್ ಅಂದರು, ಅದೂ ಕೈಗೂಡಲಿಲ್ಲ. ನಮ್ಮದೇ ಲಘು ಹೆಲಿಕಾಪ್ಟರ್ 2016ರಲ್ಲೇ ಬೆಂಗಳೂರಿನಲ್ಲಿ ಹಾರಿತು. 2021ರಲ್ಲಿ ಮಂಜೂರಾಗಿದ್ದು ಬರೀ 12. ನಮ್ಮ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದಾಗ ಊರಿನವರೆಲ್ಲ ಖುಷಿಪಟ್ಟೆವು. ಇನ್ನೇನು ಸಾಲಾಗಿ ಹೊರಗೆ ಬರುತ್ತವೆ ಅಂದುಕೊಂಡೆವು.

2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ಯುದ್ಧ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಅವು ಬೇಕು, ಬೇಡ ಅನ್ನುವುದಿಲ್ಲ. ಆದರೆ ಗಾಯಾಳುವನ್ನು ಹೊತ್ತು ತರುವ, ಪೋಸ್ಟ್‌ಗೆ ಒಂದು ಕ್ಯಾನ್ ಸೀಮೆಎಣ್ಣೆ ಇಳಿಸುವ ಪುಟ್ಟ ಹೆಲಿಕಾಪ್ಟರ್ ಯಾರ ಕಣ್ಣಿಗೂ ಬೀಳುವುದಿಲ್ಲ ಅಲ್ವಾ? ಕ್ಷಿಪಣಿ ಹಾರಿಸುವುದಕ್ಕಷ್ಟೇ ದುಡ್ಡು ಬೇಕೇ?

ಅಧಿಕಾರಿಗಳು ಎಲ್ಲ ಕಡೆ ಒಂದೇ. ಮಗನ ದಾಖಲೆಯಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಿತ್ತು. ಅದನ್ನು ಸರಿಪಡಿಸಲು ಒಂದು ಕಚೇರಿಗೆ ಏಳು ಸಲ ಅಲೆದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ. ಒಂದಕ್ಷರಕ್ಕೇ ಇಷ್ಟು ಅಲೆಸುವವರು ಹೆಲಿಕಾಪ್ಟರ್ ಕಡತವನ್ನು ಹೇಗೆ ಮುಂದಕ್ಕೆ ಕಳಿಸುತ್ತಾರೆ?

ಹೊಸ ಹೆಲಿಕಾಪ್ಟರ್ ಬೇಗ ಕೊಡಿ. ಆಗದಿದ್ದರೆ ಇರುವುದಕ್ಕೇ ಹೊಸ ಎಂಜಿನ್ ಹಾಕಿ. ಬಿಡಿಭಾಗಕ್ಕಾದರೂ ದುಡ್ಡು ತಡ ಮಾಡಬೇಡಿ. ಕಡತದ ಮೇಲೆ ಕೂತವರಿಗೆ ನಾಚಿಕೆ ಆಗಬೇಕು. ಮಾಘದಲ್ಲಿ ಮಗಳ ಮದುವೆ ಇದೆ. ಅದಕ್ಕಾದರೂ ನನ್ನ ಮಗ ಕೆಳಗಿಳಿದು ಬರಬೇಕು.

– ಒಬ್ಬ ಸೈನಿಕನ ತಂದೆ, ಗುಬ್ಬಿ